ನದಿಯ ಬಿರುಸೆಳವು: ಅದರ ಹುಟ್ಟೂ ಲಕ್ಷಣವೂ

ನದಿಯು ಎತ್ತರದಿಂದ ಕೆಳಕ್ಕೆ ಧುಮುಕುವ ಸ್ಥಳವನ್ನು ಗ್ರಂಥಭಾಷೆಯಲ್ಲಿ ಜಲಪಾತವೆಂದೂ ಮಲೆನಾಡಿನ ಬಳಕೆಯಲ್ಲಿ ಅಬ್ಬಿಯೆಂದೂ ಕರೆಯುತ್ತಾರೆ. ಗೋಕಾಕದ ಬಳಿ ಘಟಪ್ರಭೆಯು 52 ಮೀಟರುಗಳಷ್ಟು ಕೆಳಕ್ಕೆ ಬೀಳುವುದನ್ನು ಕಂಡವರಿಗೆ ಈ ಶಬ್ದದ ಅರ್ಥವನ್ನು ವಿವರಿಸಬೇಕಾದುದಿಲ್ಲ. ಆದರೆ ನದಿಯು ನೆಲವನ್ನು ಬಿಟ್ಟು ಬೀಳದೆ, ನೆಲವನ್ನು ಹಿಡಿದುಕೊಂಡೇ ಬಂಡೆಗಳ ನಡುವೆ ಹಾಯ್ದು, ನೊರೆಗಟ್ಟಿ, ಮೊರೆಯುತ್ತ ಬಹುದೂರ ಇಳಿದುಹೋಗುವ ಸ್ಥಳಗಳೂ ಉಂಟು. ಇವಕ್ಕೆ ನಮ್ಮಲ್ಲಿ ನಿಶ್ಚಿತವಾದ ಹೆಸರು ನೆಲೆಗೊಂಡಿಲ್ಲ. ಪಾಠ ಹೇಳುವವರು ಇವನ್ನೂ ಜಲಪಾತವೆಂದೇ ಕರೆಯುತ್ತಾರೆ. ಇಲ್ಲವೆ ಇಂಗ್ಲಿಷಿನ ‘ರ್‍ಯಾಪಿಡ್ಸ್’ ಎಂಬುದನ್ನು ಹಾಗೆಯೇ ಉಚ್ಚರಿಸಿ ಮುಂದೆ ಸಾಗುತ್ತಾರೆ. ಇದರಿಂದಾಗುವ ಹಾನಿ ಅಲ್ಪವಾದುದಲ್ಲ. ಕೃಷ್ಣೆಯು ಜಲದುರ್ಗದ ಬಳಿ ನಾನೂರು ಅಡಿ ಇಳಿಯುವುದೆಂದು ಓದಿ ಅಲ್ಲಿಗೆ ಹೋದ ವಿದ್ಯಾರ್ಥಿಯು ಗೋಕಾಕದಂತಹ ಕಡಿದಾದ ಬಂಡೆಯೊಂದನ್ನು ಹುಡುಕುತ್ತಾನೆ. ಕಾಣದೆ, ಪುಸ್ತಕದವರು ಉತ್ಪ್ರೇಕ್ಷೆ ಮಾಡಿದರೆಂದು ಬಗೆದು ಹಿಂದಿರುಗುತ್ತಾನೆ. ಕಣ್ಣೆದುರಿಗೇ ಇದ್ದುದು ಅವನಿಗೆ ಕಾಣಲಿಲ್ಲ.

ಸಂಸ್ಕೃತ ಪಾಠಶಾಲೆಯಲ್ಲಿ ಬೆಳೆದವರಿಗೆ ಇಂತಹ ಸಂದರ್ಭದಲ್ಲಿ ಕೋಶವನ್ನು ತೆರೆಯುವುದೇ ಮೊದಲನೆಯ ಅಭ್ಯಾಸ. ತೆರೆದು ನೋಡಿದರೆ ಒಂದು ವಿಚಿತ್ರವು ಗೋಚರವಾಗುತ್ತದೆ. ಅಮರಸಿಂಹನು ‘ಪ್ರಪಾತ’ವನ್ನು ಶೈಲವರ್ಗದಲ್ಲಿ ‘ಭೃಗು’ ಶಬ್ದದೊಡನೆ ಪಠಿಸಿದ್ದಾನೆ. ಅಂದರೆ ಅವನಿಗೆ ಪ್ರಪಾತವೆಂಬುದು ಬೀಳುವ ನೀರಲ್ಲ, ಬೆಟ್ಟದ ಕಡಿದಾದ ಅಂಚು. ನಿರ್ಝರ, ಝರಗಳೂ ಅದೇ ವರ್ಗದವು. ಗಿರಿಯಿಂದ ಹೊರಟು ಬರುವ ನೀರನ್ನು ಹೇಳುತ್ತವೆ. ವಾರಿವರ್ಗಕ್ಕೆ ಬಂದರೆ ತೆರೆಗೆ ತರಂಗ, ಊರ್ಮಿ ಎಂಬವೂ ಹೆದ್ದೆರೆಗೆ ಕಲ್ಲೋಲ, ಉಲ್ಲೋಲ ಎಂಬವೂ ಸುಳಿಗೆ ಆವರ್ತವೆಂಬುದೂ ದೊರೆಯುತ್ತವೆ. ರಯ, ಜವ, ತರಸ್ ಮುಂತಾದವು ವೇಗವನ್ನು ಮಾತ್ರ ಹೇಳತಕ್ಕವು. ಕುದುರೆಗೂ ಗಾಳಿಗೂ ಸಮನಾಗಿ ಸಲ್ಲುತ್ತವೆ. ಹೀಗೆ ಅವಯವಗಳಿಗೆ ಹೆಸರುಂಟು, ಅವಯವಿಗೆ ಇಲ್ಲ. ‘ಶೀಘ್ರಪ್ರವಾಹ’ವೆಂದು ಹೊಸದಾಗಿ ಕಟ್ಟಿದರೆ ಕಲ್ಲಿಲ್ಲದ ಕಾಲುವೆಯಲ್ಲಿ ನೆಟ್ಟಗೆ ಓಡುವ ನೀರಿಗೂ ಅದು ಅನ್ವಯಿಸಿ ಅತಿವ್ಯಾಪ್ತಿಯೆಂಬ ದೋಷ ಬರುತ್ತದೆ. ಹೊಳೆಯ ದಂಡೆಯ ಜನರು ನೀರಿನ ಎಳೆತಕ್ಕೆ ‘ಸೆಳವು’ ಎನ್ನುತ್ತಾರೆ. ಬಿರುಗಾಳಿ, ಬಿರುಬಿಸಿಲು, ಬಿರುನುಡಿಗಳಲ್ಲಿರುವ ‘ಬಿರು’ ಎಂಬುದು ಬರಿಯ ವೇಗವನ್ನಲ್ಲದೆ ಒರಟುತನವನ್ನೂ ಸೂಚಿಸುತ್ತದೆ. ಇವೆರಡನ್ನೂ ಕೂಡಿಸಿ ‘ಬಿರುಸೆಳವು’ ಎಂಬ ಪದವನ್ನು ಈ ಲೇಖನದಲ್ಲಿ ಬಳಸುತ್ತೇನೆ. ವಿದ್ವಾಂಸರು ಇದಕ್ಕಿಂತ ಮೇಲಾದುದನ್ನು ಸೂಚಿಸಿದರೆ ಅದನ್ನೇ ಸ್ವೀಕರಿಸಲು ಅಡ್ಡಿಯಿಲ್ಲ.

ಇನ್ನು ವಸ್ತುವಿಚಾರ. ನದಿಯ ವೇಗವು ಮುಖ್ಯವಾಗಿ ಅದರ ಇಳಿಜಾರು, ಆಳ, ತಳದ ಒರಟುತನ ಈ ಮೂರನ್ನು ಅವಲಂಬಿಸಿರುತ್ತದೆ. ಆದರೆ ವೇಗವೊಂದರಿಂದಲೇ ಬಿರುಸೆಳವು ಆಗುವುದಿಲ್ಲ. ವೇಗಕ್ಕೂ ಆಳಕ್ಕೂ ಇರುವ ಪ್ರಮಾಣವು ಇಲ್ಲಿ ನಿರ್ಣಾಯಕವಾದುದು. ಆಳ ಕಡಮೆಯಿರುವ ನೀರಿನಲ್ಲಿ ಉದ್ದನೆಯ ತೆರೆಯೊಂದು ಸಾಗುವ ವೇಗವನ್ನು ಆ ಆಳವೇ ನಿಶ್ಚಯಿಸುತ್ತದೆ: 1 ಮೀಟರು ಆಳದಲ್ಲಿ ಸೆಕೆಂಡಿಗೆ ಸುಮಾರು 3 ಮೀಟರು, 4 ಮೀಟರು ಆಳದಲ್ಲಿ ಅದರ ಇಮ್ಮಡಿ. ಹೊಳೆಯು ಇದಕ್ಕಿಂತ ನಿಧಾನವಾಗಿ ಹರಿಯುತ್ತಿರುವಾಗ ಮುಂದೊಂದು ಬಂಡೆಯಿದ್ದರೆ, ಅದಕ್ಕೆ ತಾಗಿದ ನೀರಿನ ಅಲೆಯು ಹಿಂದಕ್ಕೆ ಸಾಗಿ ಮೇಲಣ ನೀರಿಗೆ ಸುದ್ದಿ ಮುಟ್ಟಿಸಿದಂತಾಗುತ್ತದೆ. ನೀರು ಮೊದಲೇ ತುಸು ಏರಿ, ಅಗಲಿ, ಬಂಡೆಯ ಎರಡು ಪಕ್ಕಗಳಿಂದ ಶಾಂತವಾಗಿ ಹಾದುಹೋಗುತ್ತದೆ. ಹರಿವಿನ ವೇಗವು ಅಲೆಯ ವೇಗವನ್ನು ಮೀರಿದಾಗ ಈ ಸುದ್ದಿಯು ಹಿಂದಕ್ಕೆ ಹೋಗಲಾರದು. ಆಗ ನೀರು ಬಂಡೆಯನ್ನು ಒಮ್ಮೆಲೇ ಹಾಯುತ್ತದೆ. ಬಂಡೆಯನ್ನು ದಾಟಿ ಕೆಳಗಿನ ಆಳವಾದ ನೀರನ್ನು ಕೂಡುವಲ್ಲಿ ಅದರ ವೇಗವು ಹಠಾತ್ತನೆ ಮುರಿದು ನೀರಿನ ಮೈ ಗೋಡೆಯಂತೆ ಮೇಲೇಳುತ್ತದೆ. ಈ ಮುರಿತಗಳ ಪರಂಪರೆಯೇ ಬಿರುಸೆಳವು. ಜಲಪಾತದಲ್ಲಿ ನೀರು ತಳವನ್ನು ಬಿಡುತ್ತದೆ, ಬಿರುಸೆಳವಿನಲ್ಲಿ ಬಿಡುವುದಿಲ್ಲ. ಲಕ್ಷಣವಾಕ್ಯವನ್ನು ಕೇಳುವವರಿಗೆ ಇಷ್ಟು ಸಾಕು.

ಇಂತಹ ಸ್ಥಳವು ನದಿಯ ಒಂದು ಭಾಗದಲ್ಲಿ ಏಕೆ ಉಂಟಾಗಬೇಕು, ಇನ್ನೊಂದು ಭಾಗದಲ್ಲಿ ಏಕೆ ಉಂಟಾಗಬಾರದು? ಗಟ್ಟಿಯಾದ ಕಲ್ಲಿರುವಲ್ಲಿ ಉಂಟಾಗುತ್ತದೆಂಬುದು ಸಾಮಾನ್ಯವಾಗಿ ಕೊಡುವ ಉತ್ತರ. ಈ ಉತ್ತರವು ಅಪೂರ್ಣವೆಂಬುದಕ್ಕೆ ನಮ್ಮ ವಿಜಯಪುರ ಸೀಮೆಯ ಡೋಣಿಯೇ ಸಾಕ್ಷಿ. ಜತ್ತ ಸೀಮೆಯಲ್ಲಿ ಹುಟ್ಟಿ, ತಿಕೋಟಾ, ಬಬಲೇಶ್ವರ ತಾಲ್ಲೂಕುಗಳಲ್ಲಿ ಹಾದು, ಸಾರವಾಡದ ಹತ್ತಿರ ಮುಂದುವರಿದು, ತಾಳಿಕೋಟೆಯನ್ನು ದಾಟಿ ಸುರಪುರ ಸೀಮೆಯಲ್ಲಿ ಕೃಷ್ಣೆಯನ್ನು ಸೇರುವ ಈ ಹೊಳೆಯ ಕೆಳಗಿರುವುದು ಕರಿಕಲ್ಲು. ಅದು ಮೆತ್ತನೆಯ ಕಲ್ಲಲ್ಲ. ಸುಮಾರು 6 ಕೋಟಿ 60 ಲಕ್ಷ ವರ್ಷಗಳ ಹಿಂದೆ ನೆಲದ ಬಿರುಕುಗಳಿಂದ ಉಕ್ಕಿದ ಲಾವಾರಸವು ಹಾಸುಹಾಸಾಗಿ ಹರಡಿ ಹೆಪ್ಪುಗಟ್ಟಿದುದು. ಸಹ್ಯಾದ್ರಿಯ ಕಡಿದಾದ ಗೋಡೆಗಳು ಮಹಾರಾಷ್ಟ್ರದಲ್ಲಿ ಇದರಿಂದಲೇ ಆದವು. ಆದರೂ ತಿಕೋಟಾ ಬಬಲೇಶ್ವರಗಳ ಎರೆಭೂಮಿಯಲ್ಲಿ ಡೋಣಿಯು ಮೊರೆಯುವುದಿಲ್ಲ. ಹಾವಿನಂತೆ ಹೊರಳಿ ಹೊರಳಿ, ಹೂಳನ್ನು ತನ್ನ ಪಾತ್ರದಲ್ಲಿಯೇ ತುಂಬಿಕೊಂಡು, ಮಳೆ ಹೆಚ್ಚಾದರೆ ದಂಡೆಯನ್ನು ಮೀರಿ ಹೊಲಗಳಲ್ಲಿ ಹರಡಿಕೊಳ್ಳುತ್ತದೆ. ಡೋಣಿಯ ಬೆಳೆ ಕೈಗೆ ಬಂದರೆ ಓಣಿಗೆಲ್ಲ ಜೋಳವೆಂಬ ಮಾತು ಹುಟ್ಟಿದ್ದು ಈ ಹೂಳಿನಿಂದ; ಪೈರು ಕೊಳೆತು ಹೋಗುವುದೂ ಈ ಹೂಳಿನಿಂದಲೇ.

ಇದಕ್ಕೆ ಕಾರಣವೇನೆಂದರೆ, ಡೋಣಿಯ ಮೇಲ್ಭಾಗದ ಹಾದಿಯಲ್ಲಿ ಕಲ್ಲಿನ ಜಾತಿಯು ಬದಲಾಗುವುದಿಲ್ಲ. ಕರಿಕಲ್ಲಿನ ಹಾಸುಗಳು ಹೆಚ್ಚುಕಡಮೆ ಸಮತಲವಾಗಿ ಮಲಗಿವೆ. ಮೇಲೆ ಗರಸು, ಗರಸಿನ ಮೇಲೆ ಎರೆಮಣ್ಣು. ಎಲ್ಲ ಕಡೆಗೂ ಸವೆತವು ಒಂದೇ ಹದದಲ್ಲಿ ನಡೆದರೆ ನೀರಿಗೆ ಮೆಟ್ಟಿಲು ಕಟ್ಟುವ ಸಂದರ್ಭವೇ ಒದಗುವುದಿಲ್ಲ. ಸಣ್ಣ ಹಳ್ಳಗಳಲ್ಲಿ ಒಂದು ಹಾಸಿನ ಅಂಚು ಹೊರಟು ಮೊಣಕಾಲೆತ್ತರದ ಧುಮುಕು ಕಾಣಬಹುದು. ಅದನ್ನು ಲೆಕ್ಕಕ್ಕೆ ಹಿಡಿಯಬೇಕಾದುದಿಲ್ಲ. ಆದುದರಿಂದ ಬಿರುಸೆಳವಿಗೆ ಬೇಕಾದುದು ಕಲ್ಲಿನ ಗಟ್ಟಿತನವಲ್ಲ, ಗಟ್ಟಿತನದಲ್ಲಿರುವ ಭೇದ. ಬೇಗ ಸವೆಯುವ ನೆಲವೂ ತಡವಾಗಿ ಸವೆಯುವ ನೆಲವೂ ಒಂದೇ ನದಿಯ ಹಾದಿಯಲ್ಲಿ ಒಂದರ ಪಕ್ಕಕ್ಕೊಂದು ಬಂದಾಗ, ನದಿಯು ಒಂದನ್ನು ಕೊರೆದು ಇನ್ನೊಂದನ್ನು ಕೊರೆಯಲಾರದೆ ಉಳಿಸುತ್ತದೆ. ಆ ಉಳಿದ ಭಾಗವೇ ಹೊಸ್ತಿಲಾಗಿ ನಿಲ್ಲುತ್ತದೆ. ಈಜಿಪ್ತ ಮತ್ತು ಸೂಡಾನ ದೇಶಗಳಲ್ಲಿ ನೈಲ್ ನದಿಯ ಆರು ಪ್ರಸಿದ್ಧ ಬಿರುಸೆಳವುಗಳು ಆಸ್ವಾನದಿಂದ ಖಾರ್ತೂಮಿನವರೆಗೆ ಇರುವುದು ಈ ನ್ಯಾಯದಿಂದಲೇ. ಅಲ್ಲಿಯ ಮರಳುಗಲ್ಲಿನ ಹೊದಿಕೆಯನ್ನು ಹರಿದು ಹಳೆಯ ಕಣಶಿಲೆ, ಎಂದರೆ ಗ್ರಾನೈಟು ಮೊದಲಾದ ಗಟ್ಟಿಗಲ್ಲುಗಳು, ತಲೆಯೆತ್ತಿದಲ್ಲೆಲ್ಲ ನದಿಯು ಮುರಿದಿದೆ. ನಡುವಣ ಮೆತ್ತನೆಯ ನೆಲದಲ್ಲಿ ದೋಣಿಗಳು ನಿರಾತಂಕವಾಗಿ ಸಾಗುತ್ತವೆ.

ನಮ್ಮ ಕಡೆಗೆ ಈ ಭೇದವನ್ನು ದೊಡ್ಡ ಪ್ರಮಾಣದಲ್ಲಿ ದಾಟುವ ನದಿ ಕೃಷ್ಣೆ. ವಿಜಯಪುರದ ದಕ್ಷಿಣದ ಎಲ್ಲೆಯಾಗಿ ಅದು ಬಹುದೂರ ಕರಿಕಲ್ಲಿನ ಸೀಮೆಯಲ್ಲಿ ಹರಿಯುತ್ತದೆ. ಪೂರ್ವಕ್ಕೆ ಸರಿದಂತೆ ನೆಲದ ಜಾತಿ ಬದಲಾಗುತ್ತದೆ. ಒಂದು ಕಡೆ ಕಲಾದಗಿಯ ಹಳೆಯ ಮರಳುಗಲ್ಲಿನ ವರ್ಗ, ಇನ್ನೊಂದು ಕಡೆ ತಾಳಿಕೋಟೆಯ ಸುತ್ತಲಿನ ಸುಣ್ಣಗಲ್ಲಿನ ಹಾಸುಗಳು. ಅಲ್ಲಿಂದ ಮುಂದೆ ನಾರಾಯಣಪುರದ ಕೆಳಗೆ ನದಿಯು ಸುಮಾರು 250 ಕೋಟಿ ವರ್ಷಗಳಷ್ಟು ಪ್ರಾಚೀನವಾದ ಕಣಶಿಲೆಯ ನೆಲವನ್ನು ಪ್ರವೇಶಿಸುತ್ತದೆ. ಈ ಸೀಮೆಯ ಕಲ್ಲುಗಳ ಕ್ರಮವನ್ನು ರಾಬರ್ಟ್ ಬ್ರೂಸ್ ಫೂಟರು ದಕ್ಷಿಣ ಮರಾಠಾ ಪ್ರಾಂತದ ಭೂರಚನೆಯನ್ನು ಕುರಿತು 1876ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ವಿಸ್ತಾರವಾಗಿ ನಿರೂಪಿಸಿದ್ದಾರೆ. ಸುರಪುರ, ಲಿಂಗಸುಗೂರು ಸೀಮೆಗಳ ನಡುವೆ ನದಿಯು ದಖ್ಖಣದ ಎತ್ತರದ ನೆಲವನ್ನು ಬಿಟ್ಟು ರಾಯಚೂರಿನ ತಗ್ಗಿಗೆ ಇಳಿಯುವ ಸ್ಥಳವಿದು. ಸುಮಾರು 3 ಮೈಲುಗಳಲ್ಲಿ 408 ಅಡಿಗಳ ಇಳಿತವೆಂದು ಹಳೆಯ ಗೆಜೆಟಿಯರುಗಳಲ್ಲಿ ಬರೆದಿದೆ. ಲೆಕ್ಕ ಹಾಕಿದರೆ ಸುಮಾರು 39 ಅಡಿ ಹರಿವಿಗೆ 1 ಅಡಿ ಇಳಿತವಾಯಿತು. ದೊಡ್ಡ ನದಿಗೆ ಇದು ಅಸಾಧಾರಣವಾದ ಇಳಿಜಾರು. ಆದರೆ ಜಲಪಾತವೆನ್ನಿಸಿಕೊಳ್ಳುವಷ್ಟು ಕಡಿದಾದುದಲ್ಲವೆಂಬುದನ್ನೂ ಅದೇ ಲೆಕ್ಕವು ತೋರಿಸುತ್ತದೆ. ಇಂದಿನ ಅಂಕಗಳಿಂದಲೂ ಇಳಿತದ ಅಂದಾಜು ಮಾಡಬಹುದು. ನಾರಾಯಣಪುರದ ಬಸವಸಾಗರವು ತುಂಬಿದಾಗ ನೀರಿನ ಮಟ್ಟವು ಸಮುದ್ರಮಟ್ಟಕ್ಕಿಂತ 492.25 ಮೀಟರು, ಕೆಳಗೆ ತೆಲಂಗಾಣದ ಜೂರಾಲಾ ಜಲಾಶಯದ ಮಟ್ಟ ಸುಮಾರು 318.5 ಮೀಟರು. ನಡುವೆ 173 ಮೀಟರಿಗೆ ಮೇಲ್ಪಟ್ಟ ಅಂತರವುಂಟು. ಅಣೆಕಟ್ಟು ಎತ್ತಿ ನಿಲ್ಲಿಸಿದ ನೀರನ್ನು ಕಳೆದರೂ ಉಳಿಯುವುದು ಸಾಮಾನ್ಯ ಇಳಿತವಲ್ಲ.

ಈ ಬಿರುಸೆಳವನ್ನು ಸಾಹಿತ್ಯದೊಳಕ್ಕೆ ತಂದವರು ಮೆಡೋಸ್ ಟೇಲರರು. 1841ರಿಂದ 1853ರವರೆಗೆ ಸುರಪುರ ಸಂಸ್ಥಾನದ ಆಡಳಿತವನ್ನು ನೋಡಿಕೊಂಡವರಾದುದರಿಂದ ಅವರಿಗೆ ಈ ಸೀಮೆಯು ಚೆನ್ನಾಗಿ ಪರಿಚಿತವಾಗಿತ್ತು. ಅವರು ತೀರಿಕೊಂಡ ಮೇಲೆ 1878ರಲ್ಲಿ ಪ್ರಕಟವಾದ ‘ಎ ನೋಬಲ್ ಕ್ವೀನ್’ ಎಂಬ ಕಾದಂಬರಿಯು ವಿಜಯಪುರದ ಒಂದನೆಯ ಅಲಿ ಆದಿಲಶಾಹನ ಪತ್ನಿಯಾದ ಚಾಂದಬೀಬಿಯನ್ನು ಕುರಿತುದು. ಕೃಷ್ಣೆಯ ಈ ಮೊರೆತವೂ ಜಲದುರ್ಗದ ಕೋಟೆಯೂ ಅದರಲ್ಲಿ ಬರುತ್ತವೆ. ವಿಜಯಪುರದಲ್ಲಿ ಕುಳಿತು ಇತಿಹಾಸವನ್ನು ಓದುವವರಿಗೆ ಇದು ದೂರದ ಸೀಮೆಯೆನಿಸಬಹುದು. ಆದಿಲಶಾಹರಿಗೆ ಅದು ಗಡಿಯ ಕೋಟೆ. ಕೋಟೆಯಿರುವುದು ನದಿಯು ಒಡೆದು ಸುತ್ತುವರಿದ ನಡುಗಡ್ಡೆಯಲ್ಲಿ. ಶತ್ರುವನ್ನು ತಡೆಯಲು ಅಲ್ಲಿ ಕಂದಕವನ್ನು ತೋಡಬೇಕಾದ ಪ್ರಮೇಯವೇ ಇರಲಿಲ್ಲ.

ನಡುಗಡ್ಡೆಗಳ ಮಾತು ಬಂದುದರಿಂದ ಅದನ್ನು ಸ್ವಲ್ಪ ಬೆಳೆಸುತ್ತೇನೆ. ಕಣಶಿಲೆಯು ಒಂದೇ ಗಟ್ಟಿಯಾಗಿರದೆ ಉದ್ದಕ್ಕೂ ಅಡ್ಡಕ್ಕೂ ಸೀಳುಗಳನ್ನು ಹೊಂದಿರುತ್ತದೆ. ನದಿಗೆ ಇಡೀ ಬಂಡೆಯನ್ನು ಕೊರೆಯುವುದಕ್ಕಿಂತ ಸೀಳುಗಳನ್ನು ಹಿಡಿದು ಹೋಗುವುದು ಸುಲಭ. ಆದಕಾರಣ ಅದು ಒಂದು ಪಾತ್ರದಲ್ಲಿ ಹರಿಯದೆ ಹಲವು ಎಳೆಗಳಾಗಿ ಒಡೆಯುತ್ತದೆ. ಎಳೆಗಳ ನಡುವೆ ಉಳಿದ ನೆಲವು ಗಡ್ಡೆಯಾಗುತ್ತದೆ. ನೀಲಕಂಠರಾಯನಗಡ್ಡಿ, ಕರಕಲಗಡ್ಡಿ, ಮ್ಯಾದರಗಡ್ಡಿ ಮುಂತಾದ ಊರ ಹೆಸರುಗಳೇ ಈ ಭೂರಚನೆಗೆ ಶಾಸನಗಳಂತಿವೆ. ಇಲ್ಲಿಯ ಜನರಿಗೆ ಬಿರುಸೆಳವು ಎಂಬುದು ನೋಟದ ವಸ್ತುವಲ್ಲ. ಮೇಲಿನಿಂದ ನೀರು ಬಿಟ್ಟರೆ ಶೀಲಹಳ್ಳಿಯ ಸೇತುವೆ ಮುಳುಗಿ ಜಲದುರ್ಗದ ಕಡೆಯ ಹಳ್ಳಿಗಳಿಗೆ ಲಿಂಗಸುಗೂರಿನ ನೇರದ ದಾರಿ ತಪ್ಪುತ್ತದೆ. ಗಡ್ಡಿಗಳಲ್ಲಿದ್ದವರು ನೀರಿಳಿಯುವವರೆಗೆ ಅಲ್ಲಿಯೇ ಉಳಿಯಬೇಕಾಗುತ್ತದೆ.

ಮಹಾಕವಿ ಕಾಳಿದಾಸನು ಮೇಘದೂತದಲ್ಲಿ ರೇವಾನದಿಯನ್ನು ವರ್ಣಿಸಿದ ಸ್ಥಳವನ್ನು ಅಧ್ಯಾಪಕರು ಇಲ್ಲಿ ನೆನೆಯಬೇಕು. ವಿಂಧ್ಯದ ಅಡಿಯ ಕಲ್ಲುಗಳಲ್ಲಿ ಚೆದರಿಹೋದ ನದಿಯನ್ನು ಅವನು ಆನೆಯ ಮೈಮೇಲೆ ಬರೆದ ಚಿತ್ರರೇಖೆಗಳಿಗೆ ಹೋಲಿಸುತ್ತಾನೆ. ತರಗತಿಯಲ್ಲಿ ಇದನ್ನು ಉಪಮಾಲಂಕಾರವೆಂದು ಹೇಳಿ ಮುಗಿಸುವುದು ವಾಡಿಕೆ. ಆದರೆ ಇಲ್ಲಿ ನೋಡುವವನು ಆಕಾಶದಲ್ಲಿರುವ ಮೇಘವೆಂಬುದನ್ನು ಮರೆಯಬಾರದು. ಮೇಲಿನಿಂದ ನೋಡಿದಾಗ ಮಾತ್ರ ಕಪ್ಪು ಬಂಡೆಯ ಹರವಿನ ಮೇಲೆ ಬಿಳಿಯ ನೀರಿನ ಎಳೆಗಳು ಕವಲೊಡೆದು ಮತ್ತೆ ಕೂಡುವುದು ಹೀಗೆ ತೋರುತ್ತದೆ. ಕೋಶಕಾರನು ಹೆಸರಿಡದ ವಸ್ತುವನ್ನು ಕವಿಯು ಕಂಡು ಅದರ ಆಕಾರವನ್ನು ಯಥಾವತ್ತಾಗಿ ಹಿಡಿದಿದ್ದಾನೆಂದು ನನ್ನ ಅಭಿಪ್ರಾಯ.

ಬಿರುಸೆಳವಿನ ಬೆಳ್ಪಿಗೆ ಕಾರಣ ನೀರಲ್ಲ, ಗಾಳಿ. ಮುರಿಯುವ ನೀರು ಗಾಳಿಯನ್ನು ಒಳಕ್ಕೆ ಸೆಳೆದುಕೊಂಡು ಗುಳ್ಳೆಗಳನ್ನಾಗಿ ಮಾಡುತ್ತದೆ. ಅಸಂಖ್ಯ ಗುಳ್ಳೆಗಳ ಮೈಯಿಂದ ಬೆಳಕು ಎಲ್ಲ ದಿಕ್ಕಿಗೂ ಚೆದರಿ ನೀರು ಹಾಲಿನಂತೆ ಕಾಣುತ್ತದೆ. ಮೊರೆತಕ್ಕೂ ಬಹುಮಟ್ಟಿಗೆ ಈ ಗುಳ್ಳೆಗಳೇ ಕಾರಣ. ಪ್ರತಿಯೊಂದು ಗುಳ್ಳೆಯೂ ಹುಟ್ಟುವಾಗ ಕುಗ್ಗಿ ಹಿಗ್ಗಿ ಕಂಪಿಸುತ್ತ ತನ್ನ ಗಾತ್ರಕ್ಕೆ ತಕ್ಕ ಸ್ವರವನ್ನು ಕೊಡುತ್ತದೆಂಬುದನ್ನು ಹಾಲೆಂಡಿನಲ್ಲಿದ್ದ ಮಿನ್ನಾರ್ಟರೆಂಬ ವಿದ್ವಾಂಸರು 1933ರಲ್ಲಿ ನಿರೂಪಿಸಿದರು. ದೊಡ್ಡ ಗುಳ್ಳೆಗೆ ಮಂದ್ರ, ಸಣ್ಣದಕ್ಕೆ ತಾರ.

ತೆರೆಗಳ ವಿಷಯದಲ್ಲಿ ಇನ್ನೊಂದು ವಿಶೇಷವುಂಟು. ಸಮುದ್ರದಲ್ಲಿ ತೆರೆಯ ಆಕಾರವು ಸಾಗುತ್ತದೆ, ನೀರು ಬಹುಮಟ್ಟಿಗೆ ತನ್ನ ಸ್ಥಳದಲ್ಲಿಯೇ ಏರಿ ಇಳಿಯುತ್ತದೆ. ಬಿರುಸೆಳವಿನಲ್ಲಿ ನೀರು ಸಾಗುತ್ತದೆ, ತೆರೆಯ ಆಕಾರವು ನಿಂತಲ್ಲಿಯೇ ನಿಲ್ಲುತ್ತದೆ. ಒಂದು ತೆರೆಯನ್ನು ಗುರುತಿಟ್ಟು ಒಂದು ಗಂಟೆ ನೋಡುತ್ತ ಕುಳಿತರೂ ಅದು ಅಲ್ಲಿಯೇ ಇರುತ್ತದೆ. ಅದರ ಕೆಳಗೊಂದು ಕಲ್ಲು ಅಥವಾ ಹೊಸ್ತಿಲು ಅಡಗಿದೆಯೆಂಬುದಕ್ಕೆ ಇದೇ ಗುರುತು. ಬಂಡೆಯ ಬೆನ್ನಿಗೆ ನೀರು ಹಿಂದಿರುಗಿ ಮೇಲ್ಮುಖವಾಗಿ ಹರಿಯುವ ಮರುಸೆಳವು ಉಂಟಾಗುತ್ತದೆ. ಹರಿಗೋಲು ನಡೆಸುವ ಅಂಬಿಗನು ಇದನ್ನು ಬಲ್ಲವನು. ನುರಿತವನಿಗೆ ಅದು ವಿಶ್ರಾಂತಿಯ ಸ್ಥಳ. ಅರಿಯದೆ ನೀರಿಗಿಳಿದವನ ಪಾಡು ಬೇರೆ. ಹೊಸ್ತಿಲನ್ನು ದಾಟಿದ ನೀರು ತನ್ನ ಮೇಲೆಯೇ ಮಗುಚಿಕೊಳ್ಳುವಲ್ಲಿ ಸಿಕ್ಕಿದ ವಸ್ತುವನ್ನು ಹೊರಕ್ಕೆ ಬಿಡದೆ ಮತ್ತೆ ಮತ್ತೆ ಒಳಕ್ಕೆ ತಿರುಗಿಸುತ್ತದೆ. ಗುಳ್ಳೆ ತುಂಬಿದ ನೀರು ಹಗುರವಾದುದರಿಂದ ಈಸುವವನನ್ನು ತೇಲಿಸುವ ಶಕ್ತಿಯೂ ಅದಕ್ಕೆ ಕಡಮೆ. ಮೊಣಕಾಲುದ್ದದ ನೀರೆಂದು ಅಸಡ್ಡೆ ಮಾಡಿ ನಡೆದವನ ಪಾದವು ಎರಡು ಕಲ್ಲುಗಳ ನಡುವೆ ಸಿಕ್ಕಿದರೆ ನೀರೇ ಅವನನ್ನು ಕೆಡವಿ ಒತ್ತಿಹಿಡಿಯುತ್ತದೆ. ನೀರಿನ ವೇಗ ಇಮ್ಮಡಿಯಾದರೆ ಅದರ ಒತ್ತಡವು ನಾಲ್ಮಡಿಯಾಗುತ್ತದೆಂಬುದು ಇಲ್ಲಿ ಕೇವಲ ಗಣಿತವಲ್ಲ. ನಾರಾಯಣಪುರದ ಸಮೀಪದ ಛಾಯಾಭಗವತಿಯ ಕ್ಷೇತ್ರಕ್ಕೆ ಸ್ನಾನಕ್ಕೆಂದು ಹೋಗುವ ಯಾತ್ರಿಕರಿಗೆ ಈ ಎರಡು ಮಾತುಗಳನ್ನು ಯಾರಾದರೂ ತಿಳಿಸಿದರೆ ಪುಣ್ಯ ಬರುವುದು.

ವೇಗದ ಇಮ್ಮಡಿಯಿಂದ ಇನ್ನೂ ದೊಡ್ಡ ಪರಿಣಾಮವು ಕಲ್ಲುಗಳನ್ನು ಸಾಗಿಸುವುದರಲ್ಲಿ ತೋರುತ್ತದೆ. ಉರುಳಿಸಬಲ್ಲ ಕಲ್ಲಿನ ತೂಕವು ವೇಗದ ಆರನೆಯ ಘಾತವನ್ನು ಅನುಸರಿಸುತ್ತದೆಂದು ಶಾಸ್ತ್ರಜ್ಞರ ಸೂತ್ರ. ವೇಗ ಇಮ್ಮಡಿಯಾದರೆ 64 ಪಾಲು ತೂಕದ ಕಲ್ಲು ಚಲಿಸುತ್ತದೆ. ಆದುದರಿಂದ ವರ್ಷವೆಲ್ಲ ಕದಲದ ಬಂಡೆಯು ಮಹಾಪೂರದ ಒಂದು ದಿನದಲ್ಲಿ ಸ್ಥಾನಭ್ರಷ್ಟವಾಗಬಹುದು. ಕಲ್ಲುಗಳನ್ನು ಹೀಗೆ ತಂದು ಸುರಿಯುವುದರಿಂದಲೂ ಬಿರುಸೆಳವು ಹುಟ್ಟುವುದುಂಟು. ಅಮೆರಿಕದ ಕೊಲರಾಡೊ ನದಿಯ ಮಹಾಕಂದರದಲ್ಲಿ ಬಹುಪಾಲು ಬಿರುಸೆಳವುಗಳು ತಳದ ಬಂಡೆಯಿಂದಾದವುಗಳಲ್ಲ. ಪಕ್ಕದ ಹಳ್ಳಗಳು ತಂದೊಡ್ಡಿದ ಗುಂಡುಗಳಿಂದಾದವು. ಅಲ್ಲಿಯ ‘ಕ್ರಿಸ್ಟಲ್’ ಎಂಬ ಬಿರುಸೆಳವು 1966ರ ಡಿಸೆಂಬರಿನ ಒಂದು ಮಳೆಯಲ್ಲಿ ಹಳ್ಳವು ತಂದ ಕಲ್ಲುಮಣ್ಣಿನಿಂದ ಭಯಂಕರ ಸ್ವರೂಪವನ್ನು ತಾಳಿತು. ಕೃಷ್ಣೆಯದು ಆ ಜಾತಿಯದಲ್ಲ, ನೈಲ್ ನದಿಯ ಜಾತಿಯದು.

ಪೂರ ಹೆಚ್ಚಿದಂತೆ ಬಿರುಸೆಳವೂ ಹೆಚ್ಚುತ್ತದೆಂದು ತಿಳಿಯುವುದು ಸಹಜ; ಆದರೆ ಅದು ಎಲ್ಲೆಡೆಯೂ ನಿಜವಲ್ಲ. ನೀರು ಬಹಳ ಏರಿದರೆ ಆಳವೂ ಹೆಚ್ಚಿ, ಹಿಂದೆ ಹೇಳಿದ ಪ್ರಮಾಣವು ತಿರುಗಿಬೀಳುತ್ತದೆ. ಬಂಡೆಗಳು ಮುಳುಗಿ ಕೆಲವು ಸ್ಥಳಗಳಲ್ಲಿ ನೀರಿನ ಮೈ ನುಣ್ಣಗಾಗುತ್ತದೆ; ಇಕ್ಕಟ್ಟಿನ ಸ್ಥಳಗಳಲ್ಲಿ ಮಾತ್ರ ಅಬ್ಬರವು ಇಮ್ಮಡಿಸುತ್ತದೆ. ಹಿಂದೆ ಈ ಏರಿಳಿತವು ಸಹ್ಯಾದ್ರಿಯ ಮಳೆಯನ್ನು ಅನುಸರಿಸುತ್ತಿತ್ತು. 1982ರಲ್ಲಿ ನಾರಾಯಣಪುರದ ಅಣೆಕಟ್ಟು ಮುಗಿದ ಮೇಲೆ, ಅದರ ಮೇಲ್ಗಡೆ ಆಲಮಟ್ಟಿಯಲ್ಲಿ 519.6 ಮೀಟರು ಮಟ್ಟದ ಜಲಾಶಯವೂ ಆದ ಮೇಲೆ, ಬಾಗಿಲುಗಳ ತೆರೆಮುಚ್ಚನ್ನು ಅನುಸರಿಸುತ್ತದೆ. ನೀರಿನ ದೊಡ್ಡ ಪಾಲು ಬಿರುಸೆಳವಿನ ತಲೆಯ ಮೇಲಿನಿಂದಲೇ ಕಾಲುವೆಗಳಿಗೆ ಹೊರಟುಹೋಗುತ್ತದೆ. ಬರಗಾಲದ ಸೀಮೆಗೆ ನೀರು ದೊರೆತುದನ್ನು ಯಾರೂ ಹಳಿಯಲಾರರು. ನೈಲ್ ನದಿಯ ಮೊದಲನೆಯ ಬಿರುಸೆಳವಿನಲ್ಲಿಯೂ 1902ರಲ್ಲಿ ಆಸ್ವಾನದ ಕಟ್ಟೆಯು ಇದೇ ಬಗೆಯಲ್ಲಿ ಎದ್ದಿತು. ಅಣೆಕಟ್ಟನ್ನು ಹೊರಲು ಗಟ್ಟಿಗಲ್ಲಿನ ತಳವೇ ಬೇಕಾಗುವುದರಿಂದ ಬಿರುಸೆಳವಿಗೂ ಅಣೆಕಟ್ಟಿಗೂ ಒಂದೇ ನೆಲೆಯು ಒದಗುವುದು ಆಶ್ಚರ್ಯವಲ್ಲ.

ವಿಜಯಪುರ ನಗರದಲ್ಲಿ ನದಿಯಿಲ್ಲ; ತೊರವಿಯಿಂದ ನೀರು ತಂದು, ಬೇಗಂ ತಾಲಾಬ ಕಟ್ಟಿಸಿ ಆದಿಲಶಾಹರು ಪಟ್ಟಣವನ್ನು ಬದುಕಿಸಿದರು. ಅಲ್ಲಿಯ, ತಿಕೋಟಾ ಬಬಲೇಶ್ವರಗಳ ವಿದ್ಯಾರ್ಥಿಗಳು ಹೊಳೆಯೆಂದರೆ ಡೋಣಿಯನ್ನೇ ಕಂಡಿರುತ್ತಾರೆ. ಅವರನ್ನು ಮೊದಲು ಸಾರವಾಡದ ಸೇತುವೆಯ ಮೇಲೆ ನಿಲ್ಲಿಸಿ ಹೂಳನ್ನು ತೋರಿಸಿ, ಬಳಿಕ ತಾಳಿಕೋಟೆಯ ದಾರಿಯಿಂದ ನಾರಾಯಣಪುರಕ್ಕೆ ಕರೆದೊಯ್ಯುವುದು ಉಚಿತ. ಹಾದಿಯಲ್ಲಿ ಎರೆಮಣ್ಣು ತೀರಿ ಫರಸಿಕಲ್ಲು ತೋರುವ ಸ್ಥಳವನ್ನು, ಫರಸಿ ತೀರಿ ಕೆಂಪು ಬೂದು ಬಣ್ಣದ ಗುಂಡುಗಲ್ಲುಗಳು ಏಳುವ ಸ್ಥಳವನ್ನು ಅವರೇ ಗುರುತಿಸಲಿ. ಬಾಗಿಲುಗಳನ್ನು ಮುಚ್ಚಿರುವ ಬೇಸಗೆಯ ದಿನಗಳಲ್ಲಿ, ಸ್ಥಳೀಯರ ಅನುಮತಿಯನ್ನೂ ನೀರು ಬಿಡುವ ಸಮಯವನ್ನೂ ವಿಚಾರಿಸಿಕೊಂಡು, ಬರಿದಾದ ಬಂಡೆಗಳ ಬಳಿಗೆ ಹೋಗಬಹುದು. ಅಲ್ಲಿ ಒರಳಿನಾಕಾರದ ಕುಳಿಗಳು ಕಾಣುತ್ತವೆ. ಮಳೆಗಾಲದ ಸುಳಿಯಲ್ಲಿ ಸಿಕ್ಕಿದ ಕಲ್ಲು ತಿರುತಿರುಗಿ ಬಂಡೆಯನ್ನು ಕೊರೆಯುತ್ತ ತಾನೂ ಗುಂಡಗಾಗುತ್ತದೆ. ಕುಳಿಯೊಳಕ್ಕೆ ಕೈಯಿಟ್ಟು ನೋಡಿದರೆ ಮುಂದಿನ ಪೂರಕ್ಕಾಗಿ ಉಳಿದ ಅಂತಹ ಒಂದೆರಡು ಗುಂಡುಗಳು ತಳದಲ್ಲಿ ಸಿಕ್ಕುವುದುಂಟು.